ನೀಲಿ ಗಟ್ಟಿ, ನೀಲಿ ಪುಡಿ, ಕರಗಿಸಿಟ್ಟ ನೀಲಿ: ಬಾನಿಗೆ ಯಾವುದು ಯೋಗ್ಯ?

‘ಇಂಡಿಗೋ’ ಎಂದು ಬರೆದ ಪೊಟ್ಟಣದೊಳಗೆ ನಾಲ್ಕು ಬೇರೆ ಬೇರೆ ವಸ್ತುಗಳಲ್ಲಿ ಯಾವುದಾದರೂ ಇರಬಹುದು. ನೀಲಿ ಗಿಡದ ಸೊಪ್ಪನ್ನು ನೆನೆಹಾಕಿ ಬಣ್ಣ ಇಳಿಸಿ ಒಣಗಿಸಿದ ಗಟ್ಟಿ ಒಂದು. ಅದನ್ನೇ ಬೀಸಿದ ಪುಡಿ ಎರಡನೆಯದು. ಮೂರನೆಯದು ಕಾರ್ಖಾನೆಯಲ್ಲೇ ನೀರಿನಲ್ಲಿ ಕರಗುವ ರೂಪಕ್ಕೆ ತಂದಿಟ್ಟ ಹರಳು, ಅಂದರೆ ಪ್ರೀ-ರೆಡ್ಯೂಸ್ಡ್ ಇಂಡಿಗೋ. ನಾಲ್ಕನೆಯದು ತಲೆಗೂದಲಿಗೆ ಹಚ್ಚುವ ಹಸಿರು ಎಲೆಪುಡಿ. ಬಟ್ಟೆಗೆ ಬಣ್ಣ ಹಾಕಲು ಹೊರಟವರ ಮೊದಲ ಎಡವಟ್ಟು ಈ ನಾಲ್ಕನೆಯದರಲ್ಲೇ ಆಗುತ್ತದೆ, ಹಾಗಾಗಿ ಅದನ್ನು ಮೊದಲು ಪಕ್ಕಕ್ಕಿಡೋಣ. ಎಲೆಪುಡಿಯಲ್ಲಿ ನೀಲಿ ಇನ್ನೂ ಹುಟ್ಟಿರುವುದೇ ಇಲ್ಲ. ಇಂಡಿಕ್ಯಾನ್ ಎಂಬ ಬಣ್ಣವಿಲ್ಲದ ವಸ್ತು ಮಾತ್ರ ಇರುತ್ತದೆ. ನೀರು ಬಿದ್ದೊಡನೆ ಅದು ಒಡೆದು, ಗಾಳಿ ಸೋಕಿ, ನಿಮಿಷಗಳಲ್ಲಿ ನೀಲಿಯಾಗುತ್ತದೆ. ಕೂದಲಿಗೆ ಅಷ್ಟು ಸಾಕು. ಬಾನಿಗೆ, ಅಂದರೆ ಬಟ್ಟೆ ಅದ್ದುವ ಬಣ್ಣದ ಪಾತ್ರೆಗೆ, ಸುರಿದರೆ ಸಿಗುವುದು ಸೊಪ್ಪಿನ ಗಸಿ, ಕೊಳೆತ ವಾಸನೆ, ಮತ್ತು ಲೆಕ್ಕಕ್ಕೆ ಬಾರದಷ್ಟು ಬಣ್ಣ. ಪುಡಿ ಹಸಿರಾಗಿದ್ದು ಒಣಹುಲ್ಲಿನ ವಾಸನೆ ಬರುತ್ತಿದ್ದರೆ ಅದು ಎಲೆ. ಬಣ್ಣದ ಪುಡಿ ಕಡುನೀಲಿಯಾಗಿರುತ್ತದೆ, ಬೆರಳಿಗೆ ತಾಗಿದರೆ ಬಿಡುವುದಿಲ್ಲ. ಬಿಳಿ ಬಟ್ಟೆ ಒಗೆಯುವಾಗ ಹಾಕುವ ನೀಲಿಯೂ ಬೇರೆಯದೇ. ಅದು ಬಟ್ಟೆಯ ಮೇಲೆ ಕೂರುತ್ತದೆಯೇ ಹೊರತು ನೂಲನ್ನು ಹಿಡಿಯುವುದಿಲ್ಲ.

ಉಳಿದ ಮೂರರಲ್ಲಿ ನಮ್ಮ ಮೊದಲ ಆಯ್ಕೆ ಗಟ್ಟಿ. ಅದು ಶುದ್ಧವಾಗಿರುತ್ತದೆ ಎಂಬ ಕಾರಣಕ್ಕಲ್ಲ, ಅದನ್ನು ಪರೀಕ್ಷಿಸಬಹುದು ಎಂಬ ಕಾರಣಕ್ಕೆ.

ಗಟ್ಟಿ ತಯಾರಾಗುವ ಬಗೆ ಗೊತ್ತಿದ್ದರೆ ಪರೀಕ್ಷೆ ಸುಲಭ. ಕೊಯ್ದ ಸೊಪ್ಪನ್ನು ಅದೇ ದಿನ ತೊಟ್ಟಿಗೆ ತುಂಬಿ, ಮೇಲೆದ್ದು ತೇಲದಂತೆ ಭಾರ ಹೇರಿ, ನೀರು ಬಿಡುತ್ತಾರೆ. ಹತ್ತರಿಂದ ಹದಿನಾರು ಗಂಟೆಯಲ್ಲಿ ನೀರು ಹಳದಿ ಹಸಿರಿಗೆ ತಿರುಗುತ್ತದೆ. ಆ ನೀರನ್ನು ಕೆಳಗಿನ ತೊಟ್ಟಿಗೆ ಹರಿಸಿ ಎರಡು ಮೂರು ಗಂಟೆ ಬಡಿಯುತ್ತಾರೆ. ಗಾಳಿ ಬೆರೆತಂತೆ ಹಸಿರು ಹೋಗಿ ನೀಲಿ ಬರುತ್ತದೆ, ನೊರೆ ಏಳುತ್ತದೆ, ಕೊನೆಗೆ ಬಣ್ಣ ಕಣಕಣವಾಗಿ ತಳಕ್ಕಿಳಿಯುತ್ತದೆ. ಮೇಲಿನ ನೀರು ತೆಗೆದು, ತಳದ ಕೆಸರನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ಒತ್ತಿ, ತುಂಡು ಮಾಡಿ ನೆರಳಲ್ಲಿ ಒಣಗಿಸಿದರೆ ಗಟ್ಟಿ ಸಿದ್ಧ. ಒಂದು ಕೆಜಿ ಗಟ್ಟಿಗೆ ಇನ್ನೂರು ಕೆಜಿ ಆಸುಪಾಸು ಹಸಿ ಸೊಪ್ಪು ಬೇಕು.

ಇದರಲ್ಲಿ ಯಾವ ಹಂತ ಕೆಟ್ಟರೂ ಗಟ್ಟಿಯ ಮೈ ಹೇಳುತ್ತದೆ. ಸೊಪ್ಪು ಹೆಚ್ಚು ಹೊತ್ತು ನೆನೆದರೆ ಕಂದು ಕಸರು ಸೇರಿ ನೀಲಿ ಮಂಕಾಗುತ್ತದೆ. ಬಣ್ಣ ಬೇಗ ಇಳಿಯಲಿ ಎಂದು ಸುಣ್ಣ ಹೆಚ್ಚು ಸುರಿದಿದ್ದರೆ ಗಟ್ಟಿ ಬೂದಿ ಬಣ್ಣಕ್ಕೆ ತಿರುಗಿ ಭಾರವಾಗುತ್ತದೆ. ಬಿಸಿಲಲ್ಲಿ ಅವಸರದಿಂದ ಒಣಗಿಸಿದ್ದು ಬಿರುಕು ಬಿಟ್ಟು ಅಂಚು ಉದುರುತ್ತದೆ. ಒಳ್ಳೆಯ ಗಟ್ಟಿಯ ಮೈಮೇಲೆ ಒತ್ತಿದ ಬಟ್ಟೆಯ ನೇಯ್ಗೆಯ ಗುರುತು ಸಣ್ಣ ಚೌಕಗಳಾಗಿ ಹಾಗೇ ಉಳಿದಿರುತ್ತದೆ. ಕೈಯಲ್ಲಿ ಹಗುರ ಎನಿಸುತ್ತದೆ, ನೀರಿಗೆ ಹಾಕಿದರೆ ಸ್ವಲ್ಪ ಹೊತ್ತು ತೇಲುತ್ತದೆ. ಮಣ್ಣು ಬೆರೆಸಿದ್ದು ಕಲ್ಲಿನಂತೆ ಮುಳುಗುತ್ತದೆ. ಉಗುರಿನಿಂದ ಒಮ್ಮೆ ಒತ್ತಿ ಗೀರಿ ನೋಡಿ. ಗೀರಿದಲ್ಲಿ ಮಾತ್ರ ತಾಮ್ರದ ಹೊಳಪು ಮಿಂಚಬೇಕು. ಮುರಿದಾಗ ಒಳಮೈ ನುಣುಪಾಗಿ ಒಂದೇ ಬಣ್ಣದಲ್ಲಿರಬೇಕು. ಬಿಳಿ ಚುಕ್ಕೆ, ಮರಳಿನ ಕಣ, ಪದರ ಪದರ ಕಂಡರೆ ಕಲಬೆರಕೆ. ಕಲ್ಕತ್ತೆಯ ಹರಾಜಿನಲ್ಲಿ ವ್ಯಾಪಾರಿಗಳು ನೋಡುತ್ತಿದ್ದುದೂ ಇದನ್ನೇ. ಗಟ್ಟಿ ಮುರಿದು, ಒಳಮೈ ನೀಲಿಯೋ ನೇರಳೆಯೋ ತಾಮ್ರವೋ ಎಂದು ನೋಡಿ ದರ್ಜೆ ಕಟ್ಟುತ್ತಿದ್ದರು.

ಇನ್ನೂ ಅನುಮಾನವಿದ್ದರೆ ನಾಲ್ಕು ಪರೀಕ್ಷೆಗಳಿವೆ. ಚಿಟಿಕೆ ಪುಡಿಯ ಮೇಲೆ ವಿನೆಗರ್ ಹನಿಸಿ. ಜೋರಾಗಿ ನೊರೆಯುಕ್ಕಿದರೆ ಸೀಮೆಸುಣ್ಣದ ಜಾತಿಯದೇನೋ ಬೆರೆತಿದೆ. ಇನ್ನೊಂದು ಚಿಟಿಕೆಗೆ ಸುಣ್ಣದ ತಿಳಿನೀರು ಹಾಕಿ. ತುಕ್ಕಿನ ಕಂದು ಬಣ್ಣಕ್ಕೆ ತಿರುಗಿದರೆ ಅದು ಪ್ರಷಿಯನ್ ಬ್ಲೂ ಎಂಬ ಬೇರೆಯದೇ ನೀಲಿ, ಇಂಡಿಗೋ ಹಾಗೆ ತಿರುಗುವುದಿಲ್ಲ. ಹಳೆಯ ಸ್ಟೀಲ್ ಚಮಚದಲ್ಲಿ ಸಾಸಿವೆಯಷ್ಟು ಪುಡಿ ಇಟ್ಟು ಬಯಲಿನಲ್ಲಿ ಜೋರು ಉರಿಯ ಮೇಲೆ ಹಿಡಿದರೆ ನೇರಳೆ ಹೊಗೆ ಏಳಬೇಕು. ಇಂಡಿಗೋ ಕಾದಾಗ ಹಾಗೇ ಆವಿಯಾಗುತ್ತದೆ. ಆ ಹೊಗೆಯನ್ನು ಮೂಸಬೇಡಿ. ಐದು ಗ್ರಾಂ ಪೂರ್ತಿ ಸುಟ್ಟು ಉಳಿದ ಬೂದಿ ತೂಗಿದಾಗ ಎರಡು ಗ್ರಾಂ ಬಂದರೆ, ನೀವು ಕೊಂಡದ್ದರಲ್ಲಿ ಐದರಲ್ಲಿ ಎರಡು ಪಾಲು ಸುಣ್ಣ ಮಣ್ಣು ಎಂದೇ ಅರ್ಥ.

ಗಟ್ಟಿಯ ದೊಡ್ಡ ಕಿರಿಕಿರಿ ಅರೆಯುವುದು. ಕುಟ್ಟಿ ಒರಟಾಗಿ ಬಾನಿಗೆ ಹಾಕಿದರೆ ಅರ್ಧ ಬಣ್ಣ ಕರಗದೆ ತಳದಲ್ಲೇ ಉಳಿಯುತ್ತದೆ. ರಾತ್ರಿ ಬಿಸಿನೀರಲ್ಲಿ ನೆನೆಸಿ, ಬೆಳಿಗ್ಗೆ ಕಲ್ಲಿನಲ್ಲಿ ದೋಸೆ ಹಿಟ್ಟಿಗಿಂತ ನುಣ್ಣಗೆ ಅರೆಯಬೇಕು. ಎರಡು ಬೆರಳ ನಡುವೆ ತಿಕ್ಕಿದಾಗ ಮರಳು ಮರಳು ಎನಿಸಬಾರದು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನೆನೆದ ಪುಡಿ, ನೀರು ಮತ್ತು ಗೋಲಿ ಗಾತ್ರದ ನುಣುಪು ಕಲ್ಲು ಹಾಕಿ ಹತ್ತು ನಿಮಿಷ ಕುಲುಕಿದರೂ ಆಗುತ್ತದೆ.

ಪುಡಿ ಈ ಶ್ರಮ ಉಳಿಸುತ್ತದೆ, ನಿಜ. ಆದರೆ ಗೀರಿ ನೋಡುವ, ಮುರಿದು ನೋಡುವ ಅವಕಾಶವೂ ಹೋಗುತ್ತದೆ. ಹಾಗಾಗಿ ಪುಡಿ ಕೊಳ್ಳುವಾಗ ಒಂದೇ ಒಂದು ಅಂಕಿ ಕೇಳಿ: ಇಂಡಿಗೋಟಿನ್, ಅಂದರೆ ನಿಜವಾದ ನೀಲಿ ಬಣ್ಣದ ಅಂಶ, ಶೇಕಡಾ ಎಷ್ಟು? ನೈಸರ್ಗಿಕ ನೀಲಿಯಲ್ಲಿ ಅದು 20ರಿಂದ 50ರವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಇರುತ್ತದೆ. ಬೆಲೆಯನ್ನು ಪುಡಿಯ ತೂಕಕ್ಕಲ್ಲ, ಈ ತೂಕಕ್ಕೆ ಭಾಗಿಸಿ ನೋಡಬೇಕು. ಶೇ 50ರ ಪುಡಿ 50 ಗ್ರಾಂ ಹಾಕಿದರೆ ಬಾನಿಗೆ 25 ಗ್ರಾಂ ಬಣ್ಣ ಹೋಗುತ್ತದೆ. ಶೇ 30ರ ಪುಡಿಯಲ್ಲಿ ಅಷ್ಟೇ ಬಣ್ಣಕ್ಕೆ 83 ಗ್ರಾಂ ಬೇಕು, ಜೊತೆಗೆ 58 ಗ್ರಾಂ ಕಸವೂ ಬಾನಿಗಿಳಿಯುತ್ತದೆ. ಅಗ್ಗದ ಪುಡಿ ದುಬಾರಿಯಾಗುವುದು ಹೀಗೆ. ಶೇಕಡಾವಾರು, ಕೊಯ್ಲಿನ ವರ್ಷ, ಬೆಳೆದ ಪ್ರದೇಶ ಈ ಮೂರನ್ನೂ ಹೇಳದ ಮಾರಾಟಗಾರರಿಗೆ ನಾವು ಅಂಕ ಕೊಡುವುದಿಲ್ಲ.

ಬೆಳೆದವರು ಯಾರು ಎಂದು ಕೇಳುವುದು ಈ ಸರಕಿನ ಮಟ್ಟಿಗೆ ಅಲಂಕಾರದ ಮಾತಲ್ಲ. ಗ್ರೀಕರು ಇದನ್ನು ‘ಇಂಡಿಕಾನ್’, ಅಂದರೆ ಭಾರತದಿಂದ ಬಂದದ್ದು, ಎಂದೇ ಕರೆದರು. ಇಂಡಿಗೋ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಯುರೋಪಿನಲ್ಲಿ ವೋಡ್ ಎಂಬ ಗಿಡದಿಂದ ಇದೇ ನೀಲಿ ತೆಗೆಯುತ್ತಿದ್ದ ಬೆಳೆಗಾರರು ಭಾರತದ ನೀಲಿಗೆ ಹೆದರಿ ಅದರ ಮೇಲೆ ನಿಷೇಧ ತರಿಸಿದ್ದರು. ಬೇಡಿಕೆ ಮಾತ್ರ ನಿಲ್ಲಲಿಲ್ಲ. ಆ ಬೇಡಿಕೆಯ ಭಾರ ಬಿದ್ದದ್ದು ಬಂಗಾಳದ ರೈತರ ಮೇಲೆ. ಯುರೋಪಿಯನ್ ತೋಟದ ಮಾಲೀಕರು ಮುಂಗಡ ಕೊಟ್ಟು ಸಾಲದಲ್ಲಿ ಕಟ್ಟಿಹಾಕಿ, ಭತ್ತ ಬೆಳೆಯುವ ನೆಲದಲ್ಲಿ ನೀಲಿ ಬಿತ್ತಿಸಿದರು. 1859ರಲ್ಲಿ ರೈತರು ಬಿತ್ತುವುದಿಲ್ಲ ಎಂದು ಎದ್ದು ನಿಂತರು, 1860ರಲ್ಲಿ ಸರ್ಕಾರ ನೀಲಿ ಆಯೋಗ ನೇಮಿಸಬೇಕಾಯಿತು. ಬಿಹಾರದ ಚಂಪಾರಣ್‌ನಲ್ಲಿ ತಿನ್‌ಕಠಿಯಾ ಪದ್ಧತಿ, ಅಂದರೆ ಇಪ್ಪತ್ತು ಕಠಾ ನೆಲದಲ್ಲಿ ಮೂರು ಕಠಾ ನೀಲಿಗೇ ಮೀಸಲು ಎಂಬ ಕಟ್ಟಳೆ, ಇನ್ನೂ ಮುಂದುವರಿಯಿತು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದ ಮೇಲೆ, 1918ರ ಕಾಯ್ದೆಯಿಂದ ಅದು ಕೊನೆಗೊಂಡಿತು. ಅಷ್ಟರಲ್ಲಿ ಜರ್ಮನಿಯ ಬಿಎಎಸ್‌ಎಫ್ 1897ರಿಂದಲೇ ಕೃತಕ ಇಂಡಿಗೋ ಮಾರುತ್ತಿತ್ತು. ಇಂಡಿಗೋವಿನ ರಚನೆ ಬಿಡಿಸಿದ ಅಡಾಲ್ಫ್ ಫಾನ್ ಬೇಯರ್‌ಗೆ 1905ರ ನೊಬೆಲ್ ಬಂದಿತ್ತು. ಈಗ ಸಿಗುವ ನೈಸರ್ಗಿಕ ನೀಲಿ ಆ ಕುಸಿತದಲ್ಲೂ ಕೆಲವೇ ಕಡೆ ಉಳಿದುಕೊಂಡ, ಕೆಲವು ಕಡೆ ಮತ್ತೆ ಚಿಗುರಿದ ಬೆಳೆ; ತಮಿಳುನಾಡಿನ ತಿಂಡಿವನಂ ಸುತ್ತಮುತ್ತಲಿನದು ಬಣ್ಣಗಾರರಿಗೆ ಚೆನ್ನಾಗಿ ಗೊತ್ತು. ಬೆಳೆದವರ ಕೈಗೆ ಏನು ಸೇರಿತು ಎಂಬುದೂ ಗುಣಮಟ್ಟದ ಭಾಗವೇ.

ಕೃತಕದ್ದೋ ನೈಸರ್ಗಿಕವೋ ಎಂದು ಬಟ್ಟೆ ನೋಡಿ ಹೇಳುತ್ತೇವೆ ಎನ್ನುವವರನ್ನು ನಂಬಬೇಡಿ. ಎರಡರಲ್ಲೂ ಇರುವ ನೀಲಿ ಅಣು ಒಂದೇ. ಗಿಡದ್ದರಲ್ಲಿ ಇಂಡಿರುಬಿನ್ ಎಂಬ ಕೆಂಪು, ಜೊತೆಗೆ ಕಂದು ಹಳದಿ ಅಂಶಗಳು ಒಂದಿಷ್ಟು ಇರುತ್ತವೆ. ನೆರಳಿನಲ್ಲಿ ಹಿಡಿದರೆ ನೀಲಿಗೆ ಕೆಂಪು ಛಾಯೆ ಕಂಡೀತು, ಕಾಣದೆಯೂ ಇದ್ದೀತು. ಖಚಿತವಾಗಿ ಹೇಳುವುದು ಪ್ರಯೋಗಾಲಯದ ಕೆಲಸ. ಕೃತಕ ಇಂಡಿಗೋ ಪೆಟ್ರೋಲಿಯಂ ಮೂಲದ್ದಾದ್ದರಿಂದ ಅದರಲ್ಲಿ ಕಾರ್ಬನ್-14 ಎಂಬ ಬಗೆಯ ಇಂಗಾಲ ಇರುವುದಿಲ್ಲ, ಗಿಡದ್ದರಲ್ಲಿ ಇರುತ್ತದೆ.

ಈಗ ಬಾನಿಯ ವಿಷಯ. ಇಂಡಿಗೋ ನೀರಿನಲ್ಲಿ ಕರಗದು. ಅದರಲ್ಲಿನ ಆಮ್ಲಜನಕದ ಹಿಡಿತ ಬಿಡಿಸುವ ಒಂದು ವಸ್ತು, ಜೊತೆಗೆ ಕ್ಷಾರ, ಎರಡೂ ಇದ್ದರೆ ಮಾತ್ರ ಹಳದಿ ಹಸಿರು ರೂಪಕ್ಕೆ ಬಂದು ಕರಗಿ ನೂಲಿನೊಳಗೆ ಇಳಿಯುತ್ತದೆ. ಗಾಳಿಗೆ ಬಂದಾಗ ಮತ್ತೆ ಕರಗದ ನೀಲಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹತ್ತಿಗೆ ನಾವು ಶಿಫಾರಸು ಮಾಡುವುದು ಒಂದು-ಎರಡು-ಮೂರರ ಬಾನಿ: ಹತ್ತು ಲೀಟರ್‌ಗೆ ನೀಲಿ 50 ಗ್ರಾಂ, ಕ್ಷಾರಕ್ಕೆ ಅರಳಿದ ಸುಣ್ಣ 100 ಗ್ರಾಂ, ಆಮ್ಲಜನಕದ ಹಿಡಿತ ಬಿಡಿಸಲು ಫ್ರಕ್ಟೋಸ್ (ಹಣ್ಣಿನ ಸಕ್ಕರೆ) 150 ಗ್ರಾಂ. ಅಗಲಕ್ಕಿಂತ ಎತ್ತರ ಹೆಚ್ಚಿರುವ ಸ್ಟೀಲ್ ಪಾತ್ರೆ ಇರಲಿ, ಅಲ್ಯೂಮಿನಿಯಂ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ನೀರು ಕೈ ಇಡಲಾಗದಷ್ಟು ಬಿಸಿ ಇರುವಾಗ ಮೊದಲು ಫ್ರಕ್ಟೋಸ್ ಕರಗಿಸಿ, ಆಮೇಲೆ ಅರೆದ ನೀಲಿ, ಕೊನೆಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ಸುಣ್ಣದ ಪುಡಿ ಕಣ್ಣು, ಶ್ವಾಸಕೋಶ ಎರಡಕ್ಕೂ ಕೆಡುಕು, ಮಾಸ್ಕ್, ಕೈಗವಸು, ಕನ್ನಡಕ ಬಿಡಬೇಡಿ. ಗಾಳಿ ಬೆರೆಯದಂತೆ ಒಂದೇ ದಿಕ್ಕಿಗೆ ನಿಧಾನಕ್ಕೆ ತಿರುಗಿಸಿ, ಮುಚ್ಚಿಡಿ. ಒಂದೆರಡು ಗಂಟೆಯಲ್ಲಿ ಮೇಲೆ ತಾಮ್ರದ ಕೆನೆ ಕಟ್ಟಬೇಕು, ನೇರಳೆ ನೀಲಿ ನೊರೆ ನಡುವಲ್ಲಿ ಗುಂಪುಗೂಡಬೇಕು. ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ನೋಡಿದರೆ ನೀರು ತಿಳಿಯಾಗಿ ಜೇನಿನ ಬಣ್ಣದಲ್ಲಿರಬೇಕು.

ಫ್ರಕ್ಟೋಸ್ ಬದಲು ಬೆಲ್ಲ ಹಾಕಬಹುದೇ? ಹಾಕಬಹುದು, ನಿಧಾನ. ಬೆಲ್ಲದಲ್ಲಿ ಬಹುಪಾಲು ಸುಕ್ರೋಸ್. ಅದು ಈ ಕೆಲಸ ಮಾಡುವುದಿಲ್ಲ, ಒಡೆದು ಬಂದ ಸಕ್ಕರೆ ಅಂಶ ಮಾತ್ರ ಮಾಡುತ್ತದೆ. ಚೆನ್ನಾಗಿ ಕಳಿತ ಬಾಳೆಹಣ್ಣಿನ ಕಷಾಯ, ಖರ್ಜೂರ ಇದಕ್ಕಿಂತ ಮೇಲು. ಅನ್ನಭೇದಿ ಎಂಬ ಕಬ್ಬಿಣದ ಲವಣದ (ಫೆರಸ್ ಸಲ್ಫೇಟ್) ಬಾನಿಯಲ್ಲಿ ನೀಲಿ ಒಂದು ಪಾಲು, ಅನ್ನಭೇದಿ ಎರಡು, ಸುಣ್ಣ ಮೂರು. ಅದು ತಣ್ಣಗಿದ್ದರೂ ನಡೆಯುತ್ತದೆ. ಹಾಗಾಗಿ ಬಣ್ಣ ತಾಗಬಾರದ ಕಡೆ ಮೇಣ ಹಚ್ಚಿದ ಬಟ್ಟೆಗೆ ಬಹಳ ಅನುಕೂಲ. ತಳದಲ್ಲಿ ಗಸಿ ಮಾತ್ರ ವಿಪರೀತ, ಬಟ್ಟೆಗೆ ತಾಗಿದರೆ ತುಕ್ಕಿನ ಕಲೆ. ದಕ್ಷಿಣ ಭಾರತದ ಹಳೆಯ ಹುಳಿ ಬಾನಿಗಳಲ್ಲಿ ತಗಚೆ ಬೀಜ ಬೇಯಿಸಿ ಹಾಕಿ, ಸುಣ್ಣದ ಜೊತೆ ಹುದುಗಿಸಿ, ಬ್ಯಾಕ್ಟೀರಿಯಾಗಳಿಂದಲೇ ಈ ಕೆಲಸ ಮಾಡಿಸುತ್ತಿದ್ದರು. ಅದು ದಿನಾ ನೋಡಿಕೊಳ್ಳಬೇಕಾದ ಜೀವಂತ ಬಾನಿ, ಮೊದಲ ಸಲಕ್ಕೆ ಬೇಡ.

ನೀಲಿಯ ಬಾನಿ ಕುದಿಯಬೇಕಿಲ್ಲ ಎಂಬ ಈ ಒಂದು ಗುಣದಿಂದಲೇ ಅರ್ಧ ಜಗತ್ತಿನ ನೀಲಿ ಬಟ್ಟೆಗಳ ಚಿತ್ತಾರ ಹುಟ್ಟಿದೆ. ಕುದಿಯುವ ಬಣ್ಣದಲ್ಲಿ ಮೇಣ ಕರಗುತ್ತದೆ, ಮಣ್ಣು ಕಳಚುತ್ತದೆ, ಗಂಜಿ ಬಿಡುತ್ತದೆ. ಜಾವಾದ ಬಾಟಿಕ್, ರಾಜಸ್ಥಾನದ ಮಣ್ಣಿನ ದಾಬು, ನೈಜೀರಿಯಾದ ಯೊರುಬಾ ಹೆಂಗಸರು ಮರಗೆಣಸಿನ ಗಂಜಿಯಿಂದ ಬರೆಯುವ ಆದಿರೆ ಎಲ್ಲವೂ ಬೆಚ್ಚಗಿನ ಅಥವಾ ತಣ್ಣನೆಯ ಬಾನಿಯ ಕೊಡುಗೆ. ಕಛ್ ಮತ್ತು ಸಿಂಧ್‌ನ ಅಜರಖ್‌ನಲ್ಲೂ ಸುಣ್ಣ ಮತ್ತು ಗೋಂದು ಅಚ್ಚೊತ್ತಿದ ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ನೀಲಿ ಇಳಿಯುತ್ತದೆ. ಈಜಿಪ್ಟಿನ ಫುಸ್ತಾತ್‌ನಲ್ಲಿ ಸಿಕ್ಕ ಗುಜರಾತಿನ ಹಳೆಯ ಅಚ್ಚಿನ ಬಟ್ಟೆಗಳಲ್ಲೂ ಇದೇ ತಂತ್ರ ಕಾಣುತ್ತದೆ.

ಬಣ್ಣ ಹಾಕುವ ಮುನ್ನ ಬಟ್ಟೆಯನ್ನು ವಾಷಿಂಗ್ ಸೋಡಾ ಮತ್ತು ಸೋಪಿನಲ್ಲಿ ಒಂದು ಗಂಟೆ ಕುದಿಸಿ ಗಂಜಿ, ಜಿಡ್ಡು ತೆಗೆಯಿರಿ. ಇದನ್ನು ಬಿಟ್ಟವರು ಆಮೇಲೆ ಬೈಯುವುದು ನೀಲಿಯನ್ನು. ಒದ್ದೆ ಬಟ್ಟೆಯನ್ನು ಹಿಂಡಿ, ಗುಳ್ಳೆ ಏಳದಂತೆ ಅಂಚಿನಿಂದ ಇಳಿಬಿಡಿ, ಗಸಿಗೆ ತಾಗದಂತೆ ಐದು ನಿಮಿಷ ನೀರೊಳಗೇ ಆಡಿಸಿ. ಹೊರತೆಗೆಯುವಾಗ ಬಾನಿಯ ಮೇಲ್ಮೈಗೆ ಹತ್ತಿರ ಹಿಡಿದು ಹಿಂಡಿ, ಹನಿ ಮೇಲಿಂದ ಬಿದ್ದರೆ ಪ್ರತಿ ಹನಿಯೂ ಗಾಳಿಯನ್ನು ಒಳಗೆ ಒಯ್ಯುತ್ತದೆ. ಹೊರಬಂದ ಬಟ್ಟೆ ಎಳೆ ಮಾವಿನೆಲೆಯ ಹಸಿರು. ಮಡಿಕೆಯ ಏಣು ಮೊದಲು ನವಿಲು ಬಣ್ಣವಾಗುತ್ತದೆ, ಅಲ್ಲಿಂದ ನೀಲಿ ಬಯಲಿಗೆ ಹರಡುತ್ತದೆ, ಮಡಿಕೆಯೊಳಗೆ ಮಾತ್ರ ಹಸಿರು ಅಡಗಿ ಕೂತಿರುತ್ತದೆ. ಬಿಡಿಸಿ ಹರವಿ, ಹಸಿರು ಎಲ್ಲೂ ಉಳಿಯದಂತೆ ಹದಿನೈದು ನಿಮಿಷ ಗಾಳಿಗೆ ಬಿಡಿ. ಮತ್ತೆ ಮುಳುಗಿಸಿ. ಕಡುನೀಲಿಗೆ ಆರರಿಂದ ಎಂಟು ಮುಳುಗು ಬೇಕಾದೀತು. ಕೊನೆಗೆ ಒಂದು ಲೀಟರ್ ನೀರಿಗೆ ಎರಡು ಚಮಚ ವಿನೆಗರ್ ಹಾಕಿ ಅದರಲ್ಲಿ ಅದ್ದಿ, ಸುಣ್ಣ ಕಳೆದು, ಸೋಪಿನಲ್ಲಿ ತೊಳೆಯಿರಿ. ವಿನೆಗರ್ ಬಿಟ್ಟರೆ ಬಟ್ಟೆ ರಟ್ಟಿನಂತಾಗುತ್ತದೆ. ಒದ್ದೆಯಲ್ಲಿ ಕಾಣುವ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ ಎಂಬುದು ನೆನಪಿರಲಿ. ರೇಷ್ಮೆ, ಉಣ್ಣೆಗೆ ಈ ಸುಣ್ಣದ ಬಾನಿ ಒರಟು, ಪಿಎಚ್ 9ರಿಂದ 10ರೊಳಗಿನ ಬಾನಿಯೇ ಬೇಕು.

ಬಾನಿಯ ನೀರು ನೀಲಿಯಾಗಿಯೇ ಉಳಿದಿದ್ದರೆ ಬಿಸಿ ಸಾಲದು ಅಥವಾ ಫ್ರಕ್ಟೋಸ್ ಸಾಲದು: 50 ಡಿಗ್ರಿಗೆ ಕಾಯಿಸಿ, 20 ಗ್ರಾಂ ಸೇರಿಸಿ, ಒಂದು ಗಂಟೆ ಕಾಯಿರಿ. ಕಲಕಿದ ಹಸಿರಾಗಿದ್ದು ಕೆನೆ ಕಟ್ಟದಿದ್ದರೆ ಪಿಎಚ್ ಕಾಗದ ಅದ್ದಿ, 10.5ಕ್ಕಿಂತ ಕೆಳಗಿದ್ದರೆ ಸುಣ್ಣ 10 ಗ್ರಾಂ. ನೀರು ತಿಳಿಯಾಗಿ ಹಳದಿಯಾಗಿದ್ದೂ ಬಟ್ಟೆ ಹಿಡಿಯದಿದ್ದರೆ ನೀಲಿಯೇ ಮುಗಿದಿದೆ, ಸುಣ್ಣ ಸುರಿದು ಫಲವಿಲ್ಲ.

ಪ್ರೀ-ರೆಡ್ಯೂಸ್ಡ್ ಹರಳಿನಲ್ಲಿ ಈ ತಾಪತ್ರಯ ಯಾವುದೂ ಇಲ್ಲ. ಹದಿನೈದು ಲೀಟರ್ ನೀರಿಗೆ 20 ಗ್ರಾಂ, ಜೊತೆಗೆ ಕೊಟ್ಟ ಸೋಡಾ ಮತ್ತು ಥಯೋಯೂರಿಯಾ ಡೈಆಕ್ಸೈಡ್ ಬೆರೆಸಿದರೆ ಒಂದು ಗಂಟೆಯೊಳಗೆ ಬಾನಿ ಸಿದ್ಧ. ಇಪ್ಪತ್ತು ಮಕ್ಕಳಿಗೆ ಒಂದೇ ಮಧ್ಯಾಹ್ನದಲ್ಲಿ ಕಟ್ಟು ಬಣ್ಣ ಕಲಿಸಬೇಕಾದರೆ ಇದೇ ಸರಿ. ಇದು ಬಹುತೇಕ ಕೃತಕ ಇಂಡಿಗೋ. ಇದನ್ನು ನೈಸರ್ಗಿಕ ಎಂದು ಮಾರುವುದು ತಪ್ಪು. ಡಬ್ಬಿ ತೆರೆದ ಮೇಲೆ ಗಾಳಿಗೆ ಸತ್ವ ಕಳೆದುಕೊಳ್ಳುತ್ತದೆ. ಬಾನಿಯೂ ಒಂದೆರಡು ದಿನಕ್ಕೇ ಸೊರಗುತ್ತದೆ. ಸುಣ್ಣ-ಫ್ರಕ್ಟೋಸ್‌ನದು ವಾರಗಟ್ಟಲೆ ಬಾಳುತ್ತದೆ. ಹರಳಿನ ಜೊತೆಗೆ ಬರುವುದು ಸೋಡಿಯಂ ಹೈಡ್ರೋಸಲ್ಫೈಟ್ ಆಗಿದ್ದರೆ ತೇವ ತಗುಲದಂತೆ ಇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು.

ಮೂರೂ ಬಗೆಗೆ ಬರುವ ದೂರು ಒಂದೇ: ಉಜ್ಜಿದರೆ ಬಣ್ಣ ಅಂಟುತ್ತದೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಅವಸರ. ಗಾಢ ಬಾನಿಯಲ್ಲಿ ಎರಡೇ ಮುಳುಗಿಗೆ ಕಡುನೀಲಿ ತೆಗೆದರೆ ಬಣ್ಣ ನೂಲಿನ ಹೊರಮೈಯಲ್ಲಿ ದಪ್ಪವಾಗಿ ಕೂರುತ್ತದೆ. ತೆಳು ಬಾನಿಯಲ್ಲಿ ಎಂಟು ಮುಳುಗು ಹಾಕಿದ್ದು ಒಳಗೆ ಇಳಿದಿರುತ್ತದೆ. ಹಾಗೆಂದು ಅಂಟುವುದು ಎಲ್ಲ ಕಡೆಯೂ ದೋಷವಲ್ಲ. ಸಹಾರಾದ ತುವಾರೆಗ್ ಗಂಡಸರ ರುಮಾಲಿಗೆ ನೀಲಿಯನ್ನು ಹೊಳಪು ಬರುವವರೆಗೆ ಬಡಿದು ಕೂರಿಸುತ್ತಾರೆ, ಅದು ಮುಖಕ್ಕೆ ಇಳಿಯುವುದೇ ಅಲ್ಲಿ ಶೋಭೆ. ಜೀನ್ಸ್ ಬಟ್ಟೆಯಲ್ಲಿ ಹಾಸು ನೂಲನ್ನು ಮಾತ್ರ ಹಗ್ಗದಂತೆ ಕಟ್ಟಿ, ಮುಳುಗಿಸಿ ಗಾಳಿಗೆ ಹಿಡಿದು ಮತ್ತೆ ಮುಳುಗಿಸಿ, ನಡುವಿನ ತಿರುಳು ಬೆಳ್ಳಗೇ ಉಳಿಯುವಂತೆ ಬೇಕೆಂದೇ ಮಾಡುತ್ತಾರೆ. ಮೊಣಕಾಲು ಸವೆದಂತೆ ಆ ಬಿಳಿ ಹೊರಗೆ ಬರುತ್ತದೆ. 1873ರಲ್ಲಿ ಲೆವಿ ಸ್ಟ್ರಾಸ್ ಮತ್ತು ಜೇಕಬ್ ಡೇವಿಸ್ ತಾಮ್ರದ ರಿವೆಟ್‌ಗೆ ಪೇಟೆಂಟ್ ಪಡೆದದ್ದು ದುಡಿಯುವವರ ಪ್ಯಾಂಟಿಗಾಗಿ. ಸವೆತ ಫ್ಯಾಶನ್ ಆದದ್ದು ಬಹಳ ಆಮೇಲೆ.

ಬಾನಿ ದುರ್ಬಲವಾಯಿತು ಎಂದು ಬೇಗ ಚೆಲ್ಲಬೇಡಿ. ತಿಳಿನೀಲಿ ಚೆನ್ನಾಗಿ ಬರುವುದು ಮುಗಿಯುತ್ತಾ ಬಂದ ಬಾನಿಯಲ್ಲೇ. ಗಾಢ ಬಾನಿಯಲ್ಲಿ ಕ್ಷಣಕಾಲ ಅದ್ದಿ ತೆಗೆದ ತಿಳಿನೀಲಿ ಪಟ್ಟೆ ಪಟ್ಟೆಯಾಗಿ ಕೂರುತ್ತದೆ, ಬೇಗ ಮಾಸುತ್ತದೆ. ಸೊರಗಿದ ಬಾನಿಯಲ್ಲಿ ನಾಲ್ಕು ಸಲ ಮುಳುಗಿದ್ದು ಸಮನಾಗಿ ಹಿಡಿದು ನಿಲ್ಲುತ್ತದೆ. ಜಪಾನಿನ ಬಣ್ಣಗಾರರು ಈ ಕೊನೆಯ ಛಾಯೆಗೆ ಕಾಮೆನೊಝೋಕಿ ಎನ್ನುತ್ತಾರೆ, ಬಾನಿಯೊಳಗೆ ಇಣುಕಿ ಬಂದದ್ದು ಎಂದರ್ಥ. ಅದೂ ಹಿಡಿಯದಾದ ಮೇಲೆ ಗಾಳಿ ಬೆರೆಯುವಂತೆ ಚೆನ್ನಾಗಿ ಕಲಕಿ ಒಂದು ದಿನ ಬಿಡಿ. ಉಳಿದ ನೀಲಿ ತಳಕ್ಕಿಳಿಯುತ್ತದೆ. ಮೇಲಿನ ನೀರನ್ನು ವಿನೆಗರ್‌ನಿಂದ ಪಿಎಚ್ 7ರ ಹತ್ತಿರಕ್ಕೆ ತಂದು ಚೆಲ್ಲಿ, ತಳದ ಗಸಿಯನ್ನು ಒಣಗಿಸಿ ಡಬ್ಬಿಗೆ ತುಂಬಿಡಿ. ಮುಂದಿನ ಬಾನಿಗೆ ಹೊಸ ನೀಲಿಯ ಜೊತೆ ಅದನ್ನೂ ಅರೆದು ಹಾಕಬಹುದು.